ಸೋದರತ್ತೆಯ ಬಿಳಿ ಮಾತ್ರೆ

ಲೆಸಿಯೆಲಿ ಅತ್ತೆ ನನ್ನ ಹೊಲಿಗೆ ಮಿಷನ್ನು ಹೊತ್ತುಕೊಂಡು ಹೋದ ದಿನ ನನಗೆ ಖುಷಿಯಾಯಿತು ಎಂದರೆ ನೀವು ನಂಬಲಿಕ್ಕಿಲ್ಲ. ಖುಷಿ ಮಿಷನ್ನು ಹೋದದ್ದಕ್ಕಲ್ಲ, ಅವಳು ಅದನ್ನು ಹೊತ್ತುಕೊಂಡು ಹೋದದ್ದಕ್ಕೆ. ಅದರ ಹಿಂದಿನ ವರ್ಷ ಅವಳು ಒಂದು ಲೋಟ ನೀರನ್ನು ಒಳಗಿನಿಂದ ಜಗಲಿಗೆ ತರುವಷ್ಟರಲ್ಲಿ ಅರ್ಧ ನೀರು ನೆಲದ ಪಾಲಾಗುತ್ತಿತ್ತು. ಅಂಥವಳು ಕಬ್ಬಿಣದ ಮಿಷನ್ನನ್ನು ಕಂಕುಳಲ್ಲಿ ಇರುಕಿಕೊಂಡು, ಅಂಗಳದ ಹಂದಿಮರಿಗಳನ್ನು ಕಾಲಿನಿಂದ ಸರಿಸುತ್ತ, ಗೇಟು ದಾಟಿ ನಡೆದೇ ಹೋದಳು. ನಾನು ಜಗಲಿಯಲ್ಲಿ ನಿಂತು ಬೆನ್ನು ನೋಡುತ್ತಿದ್ದೆ. ಕಣ್ಣಲ್ಲಿ ನೀರು ಬಂತು. ಮಿಷನ್ನಿನಲ್ಲಿ ನನ್ನ ಅರ್ಧ ಹೊಲಿದ ಲಂಗ ಸಿಕ್ಕಿಕೊಂಡಿದೆ ಎನ್ನುವುದು ನೆನಪಾದದ್ದು ಆಮೇಲೆ.

ನಮ್ಮ ವವಾವು ದ್ವೀಪದಲ್ಲಿ ಅಪ್ಪನ ಅಕ್ಕ ಎಂದರೆ ಬರಿಯ ನೆಂಟಳಲ್ಲ. ತಮ್ಮನ ಮಕ್ಕಳಿಗೆ ಹೆಸರಿಡುವವಳು ಅವಳು. ಮದುವೆಗೂ ಸಾವಿಗೂ ಬಂದ ಉಡುಗೊರೆಗಳಲ್ಲಿ ಒಳ್ಳೆಯ ಚಾಪೆ, ಒಳ್ಳೆಯ ತೊಗಟೆ ಬಟ್ಟೆ ಮೊದಲು ಅವಳಿಗೆ. ತಮ್ಮನ ಮನೆಗೆ ಬಂದು ಯಾವುದರತ್ತ ಬೆರಳು ತೋರಿಸಿದರೂ ಅದು ಅವಳದ್ದು. ಕೊಡುವವರು ನಗುತ್ತಲೇ ಕೊಡಬೇಕು, ಗೊಣಗುವುದಿದ್ದರೆ ಅವಳು ಬೀದಿಯ ತಿರುವು ದಾಟಿದ ಮೇಲೆ ಗೊಣಗಬೇಕು. ತಮ್ಮನಾದವನು ಅವಳೆದುರು ತಲೆಯೆತ್ತಿ ಮಾತಾಡುವುದಿಲ್ಲ, ಅವಳಿದ್ದ ಕೋಣೆಯಲ್ಲಿ ಕೂರುವುದಿಲ್ಲ. ನಮ್ಮ ಜೊತೆಗೇ ಇರುವ ನನ್ನ ಅಪ್ಪ ಅರವತ್ತು ದಾಟಿದ ಮೇಲೂ ಅಕ್ಕ ಬಂದಳೆಂದರೆ ಅಂಗಳದ ದೀವಿಹಲಸಿನ ಮರದ ಬುಡಕ್ಕೆ ಹೋಗಿ ಕೂರುತ್ತಿದ್ದ.

ಆದರೆ ನಮ್ಮತ್ತೆ ಈ ಹಕ್ಕನ್ನು ಎಂದೂ ಚಲಾಯಿಸಿದವಳಲ್ಲ. ಕೊಟ್ಟ ಕೈಯೇ ಹೊರತು ಕೇಳಿದ ಕೈಯಲ್ಲ. ನನ್ನ ತಾಯಿ ತೀರಿಕೊಂಡಾಗ ನಾನು ಇನ್ನೂ ಹಲ್ಲು ಬಿದ್ದ ಹುಡುಗಿ. ನನಗೆ ಜಡೆ ಹಾಕಿ, ಚರ್ಚಿಗೆ ಕರೆದೊಯ್ದು, ಸುಳ್ಳು ಹೇಳಿದಾಗ ಕಿವಿ ಹಿಂಡಿ ಬೆಳೆಸಿದವಳು ಅವಳು. ಮದುವೆಯಾಗಲಿಲ್ಲ, ಮಕ್ಕಳಿಲ್ಲ. ತೊಗಟೆ ಬಟ್ಟೆಯ ಮೇಲೆ ಚಿತ್ತಾರ ಬರೆಯುವುದರಲ್ಲಿ ಊರಿನಲ್ಲೇ ಅವಳಿಗೆ ಸಾಟಿಯಿರಲಿಲ್ಲ. ಹೆಂಗಸರೆಲ್ಲ ಮರದ ದಿಮ್ಮಿಯ ಇಬ್ಬದಿ ಕೂತು ತೊಗಟೆ ಬಡಿದು, ಅಂಟಿಸಿ, ಉದ್ದಕ್ಕೆ ಹಾಸಿದ ಮೇಲೆ ಅತ್ತೆ ಕೇದಗೆ ಕಾಯಿಯ ಕುಂಚ ಹಿಡಿದು ಬರುತ್ತಿದ್ದಳು. ಅಳತೆ ಕೋಲಿಲ್ಲ, ದಾರವಿಲ್ಲ. ಒಂದೇ ಉಸಿರಿನಲ್ಲಿ ಗೆರೆ ಎಳೆದರೆ ಮಗ್ಗದ ನೂಲಿನಷ್ಟು ನೇರ.

ಕಾಯಿಲೆ ಮೊದಲು ಹಿಡಿದದ್ದು ಆ ಬಲಗೈಯನ್ನೇ. ಆಮೇಲೆ ನಡಿಗೆಯನ್ನು, ಆಮೇಲೆ ದನಿಯನ್ನು. ಕೊನೆಗೆ ಮುಖವನ್ನು ಹಿಡಿಯಿತು. ತಮಾಷೆ ಕೇಳಿದರೆ ನಗು ಒಳಗೇ ಉಳಿದುಬಿಡುತ್ತಿತ್ತು. 'ಲೆಸಿಯೆಲಿಗೆ ಸೊಕ್ಕು ಬಂದಿದೆ' ಎಂದು ಚರ್ಚಿನ ಹೆಂಗಸರು ಆಡಿಕೊಂಡರು. ಗೆರೆ ಅಂಕುಡೊಂಕಾದ ದಿನ ಅತ್ತೆ ಕುಂಚವನ್ನು ಪಕ್ಕದವಳ ಕೈಗಿಟ್ಟು, ಹಾಸಿನ ಕೊನೆಗೆ ಹೋಗಿ ಅಂಚು ಹಿಡಿದು ಕೂತಳು. ಅಂಚು ಹಿಡಿಯುವುದು ಹೊಸದಾಗಿ ಕಲಿಯಲು ಬಂದವರ ಕೆಲಸ. ಆ ದಿನ ನಾನು ಮನೆಗೆ ಬಂದು ಸಿಟ್ಟು ಯಾರ ಮೇಲೆಂದು ತಿಳಿಯದೆ ಪಾತ್ರೆ ಕುಕ್ಕಿದೆ.

ಪಾರ್ಕಿನ್‌ಸನ್ಸ್ ಎಂದು ಹೆಸರು ಹೇಳಿ ಮಾತ್ರೆ ಕೊಟ್ಟವರು ನಮ್ಮ ಡಾಕ್ಟರ್ ಕೊಲೊ. ಆ ಮೊದಲ ಮಾತ್ರೆ ಒಳ್ಳೆಯದೇ, ಆದರೆ ಬರುಬರುತ್ತ ಅದರ ಬಲ ಮುಂದಿನ ಮಾತ್ರೆಯ ಹೊತ್ತಿಗೆ ಮುಂಚೆಯೇ ಇಳಿದುಹೋಗುತ್ತಿತ್ತು. ಮಾಂಸ ತಿಂದ ಹೊಟ್ಟೆಗೆ ಬಿದ್ದರೆ ಕೆಲಸವನ್ನೇ ಮಾಡುತ್ತಿರಲಿಲ್ಲ. ಭಾನುವಾರ ನೆಲದ ಒಲೆಯಲ್ಲಿ ಬೆಂದ ಹಂದಿಯನ್ನು ತಿನ್ನದೆ ನಮ್ಮಲ್ಲಿ ಭಾನುವಾರವಾಗುವುದು ಹೇಗೆ? ಊಟವಾದ ಮೇಲೆ ಅತ್ತೆ ಕೂತಲ್ಲೇ ಕಂಬವಾಗುತ್ತಿದ್ದಳು. ಮುಂದೆ ನ್ಯೂಜಿಲೆಂಡಿನಿಂದ ನರರೋಗದ ದೊಡ್ಡ ಡಾಕ್ಟರು ಬಂದುಹೋದಾಗ ಅವರನ್ನು ಕೇಳಿ ಕೊಲೊ ಡಾಕ್ಟರು ಜೊತೆಗೊಂದು ಪುಟ್ಟ ಬಿಳಿ ಮಾತ್ರೆ ಬರೆದರು. ಕೊಡುವ ಮೊದಲು ಅದರ ಒಳಿತು ಕೆಡುಕು ಎರಡನ್ನೂ ಹೇಳಿದರು.

"ಇದ್ದಕ್ಕಿದ್ದಂತೆ ನಿದ್ದೆ ಬರಬಹುದು ಅಮ್ಮ. ಪಾದ ಊದಬಹುದು. ಇಲ್ಲದ್ದು ಕಂಡ ಹಾಗೆ ಆಗಬಹುದು. ಇನ್ನೊಂದಿದೆ. ಕೆಲವರಿಗೆ ತಡೆಯೋಕಾಗದ ಆಸೆ ಹುಟ್ಟುತ್ತೆ. ಜೂಜಾಡೋದು, ಕಂಡಿದ್ದೆಲ್ಲ ಕೊಂಡ್ಕೊಳ್ಳೋದು, ತಿಂದಿದ್ದೇ ತಿನ್ನೋದು." ಆಮೇಲೆ ಕಿಟಕಿಯ ಕಡೆ ನೋಡುತ್ತ, "ಗಂಡಸರ ಮೇಲೆ... ಆ ತರದ ಆಸೆ" ಎಂದರು. "ಹಾಗೇನಾದ್ರೂ ಆದ್ರೆ ಮುಚ್ಚಿಡಬೇಡಿ. ಪ್ರತಿ ಸಲ ಬಂದಾಗ ನಾನು ಕೇಳ್ತೀನಿ."

"ನೋಡಪ್ಪಾ," ಎಂದಳು ಅತ್ತೆ, "ನಾನು ಚರ್ಚಲ್ಲಿ ಹಾಡೋಳು. ಇಸ್ಪೀಟು ಎಲೆ ಮುಟ್ಟಿದೋಳಲ್ಲ. ಊರಲ್ಲಿರೋದು ಎರಡು ಅಂಗಡಿ, ಅಲ್ಲಿ ಕೊಳ್ಳೋಕೆ ಏನಿದೆ? ಇನ್ನು ಗಂಡಸರು... ಈ ಊರಿನ ಗಂಡಸರನ್ನ ನೀನು ನೋಡಿದೀಯ?"

ಡಾಕ್ಟರು ಜೋರಾಗಿ ನಕ್ಕರು. ನಾನೂ ನಕ್ಕೆ. ನಮ್ಮ ತಪ್ಪು ಅಲ್ಲಿಂದಲೇ ಶುರುವಾಯಿತು.

ಮಾತ್ರೆಯನ್ನು ಸ್ವಲ್ಪಸ್ವಲ್ಪವಾಗಿ ಏರಿಸಿದರು. ಏರಿದಂತೆ ಅತ್ತೆ ತಿರುಗಿ ಬಂದಳು. ಮೊದಲು ಮುಖಕ್ಕೆ ನಗು ಬಂತು. ಆಮೇಲೆ ನಡೆಯುವಾಗ ಕೈ ಬೀಸತೊಡಗಿದಳು. ಒಂದು ದಿನ ಹೆಂಗಸರು ಹಾಸು ಹಾಸಿ ಹಾಡುತ್ತಿದ್ದಾಗ ಅತ್ತೆ ಅಂಚು ಬಿಟ್ಟು ಎದ್ದು, ಕುಂಚ ಹಿಡಿದವಳ ಮುಂದೆ ಕೈ ಚಾಚಿದಳು. ಹಾಡು ನಿಂತಿತು. ಅತ್ತೆ ಮಂಡಿಯೂರಿ, ಬಣ್ಣ ಅದ್ದಿ, ಈ ಅಂಚಿನಿಂದ ಆ ಅಂಚಿಗೆ ಗೆರೆ ಎಳೆದಳು. ನೇರವಾಗಿ ಬಂತು. ಮುದುಕಿಯೊಬ್ಬಳು ಕೂಗಿ ಚಪ್ಪಾಳೆ ತಟ್ಟಿದಳು, ಆಮೇಲೆ ಎಲ್ಲರೂ ಎದ್ದು ಕುಣಿದರು. ನಾನು ಹೊಟ್ಟೆಯಲ್ಲಿದ್ದ ಮಗುವನ್ನು ಹಿಡಿದುಕೊಂಡು ಅತ್ತುಬಿಟ್ಟೆ. ಆ ಮಾತ್ರೆ ಮಾಡಿದವರು ಯಾವ ದೇಶದವರೋ, ಅವರ ಹೊಟ್ಟೆ ತಣ್ಣಗಿರಲಿ ಎಂದು ಹರಸಿದೆ. ಈಗಲೂ ಹರಸುತ್ತೇನೆ.

ಎರಡು ಬಸಿರು ಇಳಿದುಹೋದ ಮೇಲೆ ಹುಟ್ಟಿದ ಮಗು ಅದು. ಅತ್ತೆಯೇ ಲುಪೆ ಎಂದು ಹೆಸರಿಟ್ಟಳು. ಬಾಣಂತನವನ್ನೂ ಅವಳೇ ಮಾಡಿದಳು.

ಮಿಷನ್ನು ಹೋದದ್ದು ಅದಾದ ಕೆಲವು ತಿಂಗಳಿಗೆ. ಆಮೇಲೆ ನಮ್ಮ ಕಪ್ಪು ಹೆಣ್ಣು ಹಂದಿ ಹೋಯಿತು, ಅದೂ ಗಬ್ಬದ ಹಂದಿ. ಆಮೇಲೆ ಫ್ಯಾನು, ಚಿಕ್ಕಪ್ಪನ ಮನೆಯ ಗೋಡೆ ಗಡಿಯಾರ, ಚಿಕ್ಕಪ್ಪನ ಮಗ ಆಸೆಪಟ್ಟು ತಂದಿದ್ದ ಸೈಕಲ್ಲು. ಅತ್ತೆಗೆ ಸೈಕಲ್ಲು ಹೊಡೆಯಲು ಬರುವುದಿಲ್ಲ. ಊರವರಿಗೆ ಮಾತ್ರ ಇದೆಲ್ಲ ಹಬ್ಬವಾಯಿತು. ನಮ್ಮಲ್ಲಿ ಅಪ್ಪನ ಅಕ್ಕ ಜೋರಿನವಳಾದಷ್ಟೂ ಆ ಮನೆತನಕ್ಕೆ ಮರ್ಯಾದೆ.

"ಅಂತೂ ಲೆಸಿಯೆಲಿಗೆ ಬುದ್ಧಿ ಬಂತು ನೋಡು," ಎಂದಳು ದಿಮ್ಮಿಯ ಬಳಿ ನನ್ನ ಪಕ್ಕ ಕೂರುವ ಹೆಂಗಸು. "ಇಷ್ಟು ವರ್ಷ ಹಕ್ಕನ್ನ ಪೆಟ್ಟಿಗೇಲಿ ಇಟ್ಟಿದ್ಲು. ಮೈಯಲ್ಲಿ ಕಸುವು ಬಂದ್ರೆ ಹಾಗೇ. ನಮ್ಮತ್ತೇನೂ ಇದಾಳೆ, ಒಂದು ಕೋಳಿ ಕೇಳೋಕೆ ಮೂರು ಸಲ ಕೆಮ್ಮುತಾಳೆ."

ನನ್ನ ಗಂಡ ತಾನಿಯೇಲಾ ಮೀನು ಹಿಡಿಯುವವನು. ಅವನ ದೋಣಿಯ ಇಂಜಿನ್ನನ್ನು ಅತ್ತೆ ಕೇಳಿದ ದಿನ ಅವನು ಎರಡು ಕೈಯಲ್ಲೂ ಎತ್ತಿ ಕೊಟ್ಟು, "ತಗೊಳ್ಳಿ ಅತ್ತೆ, ನಿಮ್ಮ ಆಶೀರ್ವಾದ" ಎಂದು ನಕ್ಕ. ಅವಳು ತಿರುವು ದಾಟುವವರೆಗೂ ನಗು ಹಾಗೇ ಇತ್ತು. ಆಮೇಲೆ ನನ್ನ ಕಡೆ ತಿರುಗಿದ.

"ಫೂಸಿ, ನಿಮ್ಮತ್ತೆಗೆ ಇಂಜಿನ್ ಯಾಕೆ? ಕುರ್ಚಿಗೆ ಕಟ್ಕೊಂಡು ಚರ್ಚಿಗೆ ಹೋಗ್ತಾಳಾ?"

"ಬಾಯಿ ಮುಚ್ಚು. ಅಪ್ಪ ಕೇಳಿಸ್ಕೊಂಡಾನು."

"ಸರಿ ಬಿಡು. ಹುಟ್ಟು ಹಾಕ್ಕೊಂಡೇ ಹೋಗ್ತೀನಿ. ಮೀನಿಗೂ ತಪ್ಪಿಸ್ಕೊಳ್ಳೋಕೆ ಸ್ವಲ್ಪ ಟೈಮು ಸಿಗಲಿ."

ಮುಂದಿನ ಭಾನುವಾರ ಅತ್ತೆ ನಮ್ಮಲ್ಲಿಗೇ ಊಟಕ್ಕೆ ಬಂದಳು. ಅಪ್ಪ ಎಂದಿನಂತೆ ಹಲಸಿನ ಬುಡದಲ್ಲಿ ಎಲೆ ಹಾಕಿಸಿಕೊಂಡಿದ್ದ. ಲುಪೆ ಅತ್ತೆಯ ಮಡಿಲಲ್ಲಿ ಕೂತು ಅವಳ ಬೆರಳನ್ನು ಚೀಪುತ್ತಿದ್ದಳು. ಅತ್ತೆ ಮಗುವಿನ ನೆತ್ತಿ ಮೂಸಿ, ಉಪ್ಪು ಕೇಳುವಷ್ಟು ಸಹಜವಾಗಿ ಹೇಳಿದಳು. "ಲುಪೆನ ನಾನು ಸಾಕ್ತೀನಿ. ಒಂದು ವರ್ಷದ ಹುಟ್ಟುಹಬ್ಬದ ಊಟ ಮುಗೀಲಿ, ಆಮೇಲೆ ನಮ್ಮನೆಗೆ ಕರ್ಕೊಂಡು ಹೋಗ್ತೀನಿ."

ಇದೂ ನಮ್ಮಲ್ಲಿ ಇಲ್ಲದ್ದೇನಲ್ಲ. ಮಕ್ಕಳಿಲ್ಲದ ಸೋದರತ್ತೆ ಮಗು ಕೇಳುತ್ತಾಳೆ, ಹೆತ್ತವರು ಕೊಡುತ್ತಾರೆ, ಮಗು ಎರಡು ಮನೆಯ ಅನ್ನ ಉಂಡು ಬೆಳೆಯುತ್ತದೆ. ಬೇರೆಯವರ ಮನೆಯಲ್ಲಿ ಇಂಥದ್ದು ನಡೆದಾಗ ನಾನೇ ಹೋಗಿ ಉಂಡು ಬಂದಿದ್ದೇನೆ. ಆದರೆ ಆ ಮಾತು ಕೇಳಿದಾಗ ನನ್ನ ಕೈಯಲ್ಲಿದ್ದ ಗೆಣಸು ಎಲ್ಲಿ ಬಿತ್ತೋ ಗೊತ್ತಿಲ್ಲ. ತಾನಿಯೇಲಾ ನನ್ನನ್ನು ನೋಡಿದ. ನಾನು ಅಪ್ಪನನ್ನು ನೋಡಿದೆ. ಅಪ್ಪ ನೆಲ ನೋಡುತ್ತ, "ಅಕ್ಕನ ಇಷ್ಟ" ಎಂದ.

ಅತ್ತೆ ಹೋದ ಮೇಲೆ ನಾನು ಹಲಸಿನ ಬುಡಕ್ಕೇ ಹೋಗಿ ನಿಂತೆ. "ಅಪ್ಪಾ, ಆಗಲ್ಲ ಅನ್ನು."

"ನಾನಾ?"

"ನೀನಲ್ಲದೆ ಇನ್ಯಾರು? ನಿನ್ನ ಅಕ್ಕ."

"ನನ್ನ ಅಕ್ಕ ಅಂತಲೇ ಕಣೇ ಆಗಲ್ಲ ಅನ್ನೋಕೆ ಆಗಲ್ಲ." ಅಪ್ಪ ಎಲೆಯನ್ನು ಮಡಚಿದ. "ಅವಳು ನಿನ್ನ ಸಾಕುವಾಗ ನಾನು ಸಮುದ್ರದ ಮೇಲಿದ್ದೆ. ಒಂದು ದಿನ ಬೇಸರ ಅಂದವಳಲ್ಲ. ಈಗ ಕೇಳಿದಾಳೆ."

ಅವಳನ್ನು ನಾನು ಎಷ್ಟು ಪ್ರೀತಿಸುತ್ತಿದ್ದೆನೋ ಅಷ್ಟೇ ಸಿಟ್ಟು ಬಂತು. ಮೈಯಲ್ಲಿ ಹುಷಾರಿಲ್ಲದಾಗ ಎಷ್ಟು ಒಳ್ಳೆಯವಳಾಗಿದ್ದಳು ಎಂದುಕೊಂಡೆ. ಅಂದುಕೊಂಡ ಮರುಗಳಿಗೆ ನಾಚಿಕೆಯಾಗಿ ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ.

ಕಾಲಿಗೆ ಬಿದ್ದಾದರೂ ಕೇಳಿಕೊಳ್ಳೋಣವೆಂದು ಒಂದು ಬೆಳಗ್ಗೆ ಅವಳ ಮನೆಗೆ ಹೋದೆ. ಬಾಗಿಲು ಅರ್ಧ ಮಾತ್ರ ತೆರೆಯಿತು, ಹಿಂದೆ ಸೈಕಲ್ಲು ಅಡ್ಡವಿತ್ತು. ಒಳಗೆ ಕಾಲಿಡಲು ಜಾಗವಿಲ್ಲ. ಚಾಪೆಯ ಸುರುಳಿಗಳು, ಕೊಡೆಗಳು, ಯಾರದ್ದೋ ಮನೆಯ ಕುಕ್ಕರುಗಳು, ನಿಂತುಹೋದ ಗೋಡೆ ಗಡಿಯಾರ. ನನ್ನ ಮಿಷನ್ನು ಮೂಲೆಯಲ್ಲಿತ್ತು, ಸೂಜಿಯ ಕೆಳಗೆ ನನ್ನ ಲಂಗ ಇನ್ನೂ ಹಾಗೇ ಸಿಕ್ಕಿಕೊಂಡಿತ್ತು. ನಡುವೆ ಮೇಜಿನ ಮೇಲೆ ತಾನಿಯೇಲಾನ ಇಂಜಿನ್ನು ಕೂತಿತ್ತು. ಅದಕ್ಕೆ ಅತ್ತೆ ಹೂವಿನ ಕಸೂತಿಯ ಬಟ್ಟೆ ಹೊದಿಸಿದ್ದಳು.

ಅತ್ತೆ ಕೂತಲ್ಲಿಂದ "ಬಾ ಕೂಸೇ, ಚಹಾ..." ಎಂದವಳು ಮಾತಿನ ನಡುವೆಯೇ ಕಣ್ಣು ಮುಚ್ಚಿದಳು. ನಿದ್ದೆ ಬಂದುಬಿಟ್ಟಿತ್ತು. ಸ್ವಲ್ಪ ಹೊತ್ತಿಗೆ ಬೆಚ್ಚಿ ಎದ್ದು "ಕುಡೀತೀಯ?" ಎಂದು ಮಾತು ಮುಗಿಸಿದಳು, ನಡುವೆ ಏನೂ ಆಗಿಲ್ಲವೆನ್ನುವ ಹಾಗೆ.

ನಾನು ಕಾಲಿಗೆ ಬೀಳಲು ಬಂದವಳು ಬೇರೆಯೇ ಪ್ರಶ್ನೆ ಕೇಳಿದೆ. "ಅತ್ತೆ, ಈ ಇಂಜಿನ್ ಏನ್ಮಾಡ್ತೀಯ?"

ಅವಳು ಇಂಜಿನ್ನನ್ನು ನೋಡಿದಳು. ಆಮೇಲೆ ದನಿ ತಗ್ಗಿಸಿದಳು. "ಬೇರೆ ಯಾರಿಗೂ ಹೇಳ್ಬೇಡ. ಏನ್ಮಾಡೋದು ಅಂತ ನಂಗೂ ಗೊತ್ತಿಲ್ಲ. ಒಂದು ವಸ್ತು ಕಣ್ಣಿಗೆ ಬಿತ್ತು ಅಂದ್ರೆ ಎದೆಯೊಳಗೆ ತುರಿಕೆ ಶುರುವಾಗುತ್ತೆ. ಕೇಳೋವರೆಗೂ ಊಟ ಸೇರಲ್ಲ. ಕೈಗೆ ಬಂದ ಗಳಿಗೆ ತಂಪು. ಮನೆಗೆ ತಂದು ಇಳಿಸೋ ಹೊತ್ತಿಗೆ ಅದು ಬೇಡ, ಇನ್ನೊಂದು ಬೇಕು." ಕಸೂತಿ ಬಟ್ಟೆಯ ಅಂಚು ಸರಿಮಾಡಿದಳು. "ನನ್ನೊಳಗೆ ಇಷ್ಟು ದುರಾಸೆ ಇತ್ತು ಅಂತ ಗೊತ್ತೇ ಇರಲಿಲ್ಲ ಕಣೇ. ಮುದಿವಯಸ್ಸಲ್ಲಿ ಹೊರಗೆ ಬಂತು. ದೇವರಿಗೆ ಏನು ಮುಖ ತೋರಿಸ್ಲಿ?"

ಆಗ ನನಗೆ ಹೊಳೆಯಿತು. ಕಂಡಿದ್ದೆಲ್ಲ ಕೊಂಡುಕೊಳ್ಳುವ ಆಸೆ ಎಂದು ಡಾಕ್ಟರು ಪ್ರತಿ ಸಲವೂ ತಪ್ಪದೆ ಕೇಳಿದ್ದರು. ನಾವು ಪ್ರತಿ ಸಲವೂ ಇಲ್ಲವೆಂದು ನಕ್ಕಿದ್ದೆವು. ನಮ್ಮತ್ತೆ ಕೊಳ್ಳಬೇಕಾದ ಗತಿಯೇ ಇರಲಿಲ್ಲವಲ್ಲ! ಬೇರೆ ದೇಶದಲ್ಲಾಗಿದ್ದರೆ ಇದನ್ನು ಕಾಯಿಲೆ ಎನ್ನುತ್ತಿದ್ದರು. ಇಲ್ಲಿ ನಾವೆಲ್ಲ ಸೇರಿ ಅದಕ್ಕೆ ಸಂಪ್ರದಾಯವೆಂದು ಹೆಸರಿಟ್ಟು ಚಪ್ಪಾಳೆ ತಟ್ಟಿದ್ದೆವು.

ಮನೆಗೆ ಬರುವ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಡಾಕ್ಟರಿಗೆ ಹೇಳಿದರೆ ಬಿಳಿ ಮಾತ್ರೆ ಇಳಿಸುತ್ತಾರೆ. ಮಾತ್ರೆ ಇಳಿದರೆ ಕುಂಚವೂ ಹೋಗಬಹುದು, ನಗುವೂ ಹೋಗಬಹುದು. ಹೇಳದಿದ್ದರೆ ಲುಪೆ ಹೋಗುತ್ತಾಳೆ, ಮಾತಿನ ನಡುವೆ ನಿದ್ದೆ ಬರುವವಳ ಮಡಿಲಿಗೆ. ನನ್ನ ಮಗುವನ್ನು ಉಳಿಸಿಕೊಳ್ಳಲು ನನ್ನನ್ನು ಬೆಳೆಸಿದವಳ ಕೈ ಕಟ್ಟಬೇಕೇ? ಎರಡು ದಿನ ತಾನಿಯೇಲಾ ಕೇಳಿದ್ದಕ್ಕೆಲ್ಲ ಹರಿಹಾಯ್ದೆ. ಮೂರನೆಯ ದಿನ ಅತ್ತೆಯ ಆಸ್ಪತ್ರೆಯ ದಿನವಿತ್ತು, ಮಗುವನ್ನು ಎತ್ತಿಕೊಂಡು ಜೊತೆಗೆ ಹೋದೆ.

ಕೊಲೊ ಡಾಕ್ಟರು ಕೈ ಮಡಿಚಿ ಬಿಡಿಸಿ ನೋಡಿದರು. ನಡೆಸಿ ನೋಡಿದರು, ಖುಷಿಪಟ್ಟರು. "ಜೂಜು, ಕೊಳ್ಳೋದು, ತಿನ್ನೋದು, ಏನಾದ್ರೂ ಇದೆಯಾ ಅಮ್ಮ?"

"ಏನೂ ಇಲ್ಲಪ್ಪ," ಎಂದಳು ಅತ್ತೆ.

"ಇದೆ," ಎಂದೆ ನಾನು.

ದೊಡ್ಡವರ ಮಾತನ್ನು ಅವರೆದುರೇ ತಳ್ಳಿಹಾಕುವುದು, ಅದೂ ಸೋದರತ್ತೆಯ ಮಾತನ್ನು! ಅತ್ತೆ ನಿಧಾನವಾಗಿ ನನ್ನತ್ತ ತಿರುಗಿದಳು. "ಫೂಸಿ, ಮನೆ ವಿಷಯ ಮನೇಲಿರಲಿ."

"ಮನೇಲಿ ಜಾಗ ಇಲ್ಲ ಅತ್ತೆ. ದೋಣಿ ಇಂಜಿನ್ನಿಗೆ ಕಸೂತಿ ಬಟ್ಟೆ ಹೊದಿಸಿ ಮೇಜಿನ ಮೇಲೆ ಕೂರ್ಸಿದೀಯ!" ಎಂದೆ. ಆಮೇಲೆ ಅಳು ಬಂತು. ಅಳುತ್ತಲೇ ಮಿಷನ್ನು, ಹಂದಿ, ಸೈಕಲ್ಲು ಎಲ್ಲ ಹೇಳಿದೆ. ಲುಪೆಯ ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಡಾಕ್ಟರು ನಮ್ಮವರೇ, ಅವರಿಗೂ ಸೋದರತ್ತೆ ಇದ್ದಾಳೆ. ಹಣೆಗೆ ಕೈ ಹಚ್ಚಿ ಕೂತರು. "ನಾನೂ ಎಂಥ ದಡ್ಡ ನೋಡಿ. ಪುಸ್ತಕದಲ್ಲಿದ್ದ ಹಾಗೇ ಕೇಳ್ತಾ ಬಂದೆ. ಕೇಳಿ ತಗೊಳ್ಳೋದು ಜಾಸ್ತಿಯಾಗಿದೆಯಾ ಅಂತ ಕೇಳ್ಬೇಕಿತ್ತು."

"ಹಾಗಾದ್ರೆ," ಎಂದಳು ಅತ್ತೆ, "ಅದು ನಾನಲ್ವಾ? ಮಾತ್ರೆನಾ?"

"ಮಾತ್ರೆ ಅಮ್ಮ. ನೀವು ಕೆಟ್ಟೋರಾಗಿಲ್ಲ. ಕೈಕಾಲು ಸಡಿಲ ಮಾಡೋ ಮದ್ದೇ ಕೆಲವರಿಗೆ ಆಸೆಯ ಕಡಿವಾಣಾನೂ ಸಡಿಲ ಮಾಡುತ್ತೆ."

ಅತ್ತೆ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಅವಮಾನದಿಂದ ಎಂದುಕೊಂಡೆ. ಆಮೇಲೆ ತಿಳಿಯಿತು, ಅವಳ ಎದೆಯ ಮೇಲಿದ್ದ ಕಲ್ಲು ಇಳಿದಿತ್ತು. ಕಣ್ಣೊರೆಸಿಕೊಂಡು ಕೇಳಿದಳು. "ಇಳಿಸಿದ್ರೆ ಕುಂಚ?"

"ಸುಳ್ಳು ಹೇಳಲ್ಲ. ಈಗಿನಷ್ಟು ಸಲೀಸು ಇರಲಿಕ್ಕಿಲ್ಲ. ಹಳೇ ಮಾತ್ರೆಯನ್ನ ದಿನಕ್ಕೆ ಇನ್ನೊಂದು ಹೊತ್ತು ಹಂಚಿ ಕೊಡ್ತೀನಿ. ಊಟಕ್ಕೆ ಮುಂಚೆ ತಗೊಳ್ಳಿ, ಮಾಂಸ ಸಂಜೆಗಿಟ್ಕೊಳ್ಳಿ. ಎಷ್ಟು ಉಳಿಯುತ್ತೋ ನೋಡೋಣ. ಆದ್ರೆ ಬಿಳಿ ಮಾತ್ರೆನ ಸಿಟ್ಟಲ್ಲಿ ಒಂದೇ ಸಲ ಎಸೀಬೇಡಿ. ಹಾಗೆ ಬಿಟ್ರೆ ಮನಸ್ಸು ಕುಸಿಯುತ್ತೆ. ನಾನು ಹೇಳಿದ ಹಾಗೆ ಸ್ವಲ್ಪಸ್ವಲ್ಪ ಇಳಿಸಬೇಕು. ಇಲ್ಲ, ಹೀಗೇ ಇರಲಿ ಅಂದ್ರೆ ಅದಕ್ಕೂ ಏನಾದ್ರೂ ದಾರಿ ಹುಡುಕೋಣ. ತೀರ್ಮಾನ ನಿಮ್ಮದು."

ಮನೆಗೆ ಬಂದಾಗ ಅತ್ತೆ ಗೇಟಿನ ಹತ್ತಿರ ನಿಂತು, "ಇಳಿಸ್ತೀನಿ" ಎಂದಳು. "ನಾನು ಯಾವುದು, ಮಾತ್ರೆ ಯಾವುದು ಅಂತ ಸಾಯೋ ಮುಂಚೆ ನಂಗೆ ಗೊತ್ತಾಗ್ಬೇಕು." ಆಮೇಲೆ ನನ್ನ ಕಿವಿ ಹಿಡಿದು ಹಿಂಡಿದಳು, ಚಿಕ್ಕಂದಿನಲ್ಲಿ ಹಿಂಡಿದಷ್ಟೇ ಜೋರಾಗಿ. "ಇದು ಡಾಕ್ಟರ ಎದುರು ನನ್ನ ಮಾತು ತೆಗೆದುಹಾಕಿದ್ದಕ್ಕೆ."

ಮಾತ್ರೆ ಇಳಿಯತೊಡಗಿದ ಮೇಲೆ ಮೊದಲು ಹೋದದ್ದು ಹಗಲು ನಿದ್ದೆ, ಆಮೇಲೆ ಎದೆಯ ತುರಿಕೆ. ಆದರೆ ಆ ವಾರಗಳು ಅವಳಿಗೆ ಸುಲಭವಾಗಿರಲಿಲ್ಲ. ಸುಮ್ಮಸುಮ್ಮನೆ ಅಳುತ್ತಿದ್ದಳು, ಬೆವರುತ್ತಿದ್ದಳು. ಡಾಕ್ಟರು ಒಮ್ಮೆ ಇಳಿಸುವುದನ್ನು ನಿಲ್ಲಿಸಿ, ಕಾದು, ಮತ್ತೆ ಇಳಿಸಿದರು. ನಾನು ದಿನಾ ಹೋಗಿ ತಲೆ ಬಾಚುತ್ತಿದ್ದೆ. ಬಲಗೈಯ ನಡುಕ ಒಂದಿಷ್ಟು ತಿರುಗಿ ಬಂತು. ಕುಂಚ ಮತ್ತೆ ಪಕ್ಕದವಳ ಕೈಗೆ ಹೋಯಿತು. ಈ ಸಲ ಮಾತ್ರ ಅತ್ತೆ ಅಂಚಿಗೆ ಹೋಗಲಿಲ್ಲ. ಪಕ್ಕದಲ್ಲೇ ಕೂತು, "ನೇರ ಎಳೆಯೇ, ಏಡಿ ನಡೆದ ಹಾಗೆ ಎಳೀಬೇಡ" ಎಂದು ಬೈಯುತ್ತಿದ್ದಳು. ಬೈಯುವಷ್ಟು ದನಿ ಉಳಿದಿತ್ತು, ನಗುವಷ್ಟು ಮುಖವೂ ಉಳಿದಿತ್ತು.

ತಂದದ್ದನ್ನು ತಿರುಗಿ ಕೊಡಲು ಹೊರಟಾಗ ಊರಿಗೆ ಊರೇ ಗಾಬರಿಯಾಯಿತು. ಸೋದರತ್ತೆ ತೆಗೆದುಕೊಳ್ಳುವುದಕ್ಕೆ ನಮ್ಮಲ್ಲಿ ನೂರು ಪದ್ಧತಿಯಿದೆ, ಹಿಂದಿರುಗಿಸುವುದಕ್ಕೆ ಒಂದೂ ಇಲ್ಲ. ಕೊಟ್ಟದ್ದು ತಿರುಗಿ ಬಂದರೆ ಕೊಟ್ಟವರಿಗೆ ಅವಮಾನ. ಚಿಕ್ಕಪ್ಪ ಗಡಿಯಾರ ಕಂಡು ಬಾಗಿಲು ಹಾಕಿಕೊಂಡ. ಕೊನೆಗೆ ಅತ್ತೆಯೇ ಬೀದಿಯಲ್ಲಿ ನಿಂತು ಕೂಗಿದಳು. "ಇದು ವಾಪಸ್ ಕೊಡ್ತಿರೋದಲ್ಲ ಕಣ್ರೋ! ನಾನು ಹೊಸದಾಗಿ ಉಡುಗೊರೆ ಕೊಡ್ತಿರೋದು. ಬೇಡ ಅಂದೀರಾ?" ಬೇಡ ಎನ್ನಲು ಯಾರಿಗೆ ಧೈರ್ಯ? ಕಪ್ಪು ಹಂದಿ ಹಿಂಡು ಮರಿಗಳ ಸಮೇತ ನಮ್ಮ ಅಂಗಳಕ್ಕೆ ಬಂತು. ತಾನಿಯೇಲಾ ಇಂಜಿನ್ನನ್ನು ಎದೆಗವಚಿಕೊಂಡು ಬಂದ, ಕಸೂತಿ ಬಟ್ಟೆಯ ಸಮೇತ.

ಲುಪೆಯ ವಿಷಯ ಮಾತ್ರ ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎಲ್ಲವನ್ನೂ ಕೊಟ್ಟಳು, ಈ ಮಾತನ್ನು ಮಾತ್ರ ಯಾಕೆ ಹಿಂದೆ ತೆಗೆದುಕೊಳ್ಳಲಿಲ್ಲ ಎಂದು ಮನಸ್ಸು ಕುದಿಯುತ್ತಿತ್ತು. ಒಂದು ವರ್ಷದ ಊಟ ಬಂತು, ಮುಗಿಯಿತು. ಮಾರನೆಯ ದಿನ ಮಧ್ಯಾಹ್ನ ಅತ್ತೆ ಸೊಂಟಕ್ಕೆ ಒಳ್ಳೆಯ ಚಾಪೆ ಕಟ್ಟಿಕೊಂಡು, ನಿಧಾನವಾಗಿ ನಮ್ಮ ಮನೆಯ ಕಡೆ ಬರುವುದು ಕಂಡಿತು. ನಮ್ಮಲ್ಲಿ ಉಟ್ಟ ಬಟ್ಟೆಯ ಮೇಲೆ ಒಳ್ಳೆಯ ಚಾಪೆ ಕಟ್ಟುವುದು ದೊಡ್ಡ ಮಾತಿದ್ದಾಗ. ನಾನು ಮಗುವನ್ನು ಎತ್ತಿಕೊಂಡು ಒಳಗೆ ಗೋಡೆಗೊರಗಿ ನಿಂತೆ.

ಹೊಸ್ತಿಲ ಮುಂದೆ ಅವಳ ಕಾಲು ನೆಲಕ್ಕೆ ಅಂಟಿಕೊಂಡಿತು. ಈ ಕಾಯಿಲೆಯಲ್ಲಿ ಬಾಗಿಲು ಕಂಡರೆ ಹಾಗಾಗುತ್ತದೆ, ಮನಸ್ಸು ಒಳಗೆ ಹೋದರೂ ಪಾದ ಏಳುವುದಿಲ್ಲ. ಹಲಸಿನ ಬುಡದಿಂದ ಅಪ್ಪ ಎದ್ದು ಬಂದ. ಅಕ್ಕನನ್ನು ಮುಟ್ಟುವಂತಿಲ್ಲ, ಕೈ ಹಿಡಿಯುವಂತಿಲ್ಲ. ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಎಳೆದು, ತಲೆ ತಗ್ಗಿಸಿಕೊಂಡೇ ಬಗ್ಗಿ, ಅವಳ ಪಾದದ ಮುಂದೆ ಅಡ್ಡವಾಗಿಟ್ಟು ಹಿಂದೆ ಸರಿದ. ದಾಟಲು ಕಣ್ಣೆದುರು ಗೆರೆಯೊಂದು ಇದ್ದರೆ ಕಾಲು ಏಳುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ನಾನು ಯಾವಾಗಲೋ ಮನೆಯಲ್ಲಿ ಹೇಳಿದ್ದೆ. ಅಪ್ಪ ಕೇಳಿಸಿಕೊಂಡಿದ್ದ. ಅತ್ತೆ ಕಡ್ಡಿ ದಾಟಿ ಒಳಗೆ ಬಂದಳು.

ಕೂತು ಉಸಿರು ತೆಗೆದುಕೊಂಡಳು. ಮಗುವನ್ನು ನೋಡಿದಳು, ಕೈ ಚಾಚಲಿಲ್ಲ.

"ಒಂದೊಂದೇ ಆಸೆ ಹೋಯ್ತು ಫೂಸಿ. ಹಂದಿ ಹೋಯ್ತು, ಇಂಜಿನ್ ಹೋಯ್ತು. ಕೊನೆಗೆ ಇದೂ ಹೋಗುತ್ತೆ ಅಂತ ಕಾದೆ. ಇದು ಹೋಗಲಿಲ್ಲ." ಅವಳ ದನಿ ತೀರ ಸಣ್ಣದಾಯಿತು, ನಾನು ಹತ್ತಿರ ಹೋಗಬೇಕಾಯಿತು. "ಲುಪೆ ಬೇಕು ಅಂದಿದ್ದು ಮಾತ್ರೆ ಅಲ್ಲ ಕಣೇ. ನಾನೇ."

ನನ್ನ ತೋಳು ತಾನಾಗಿ ಮಗುವನ್ನು ಬಿಗಿದುಕೊಂಡಿತು.

"ಹೆದರ್ಬೇಡ. ನಾನು ಬಂದಿದ್ದು ಕೇಳೋಕಲ್ಲ, ಬಿಟ್ಟೆ ಅಂತ ಹೇಳೋಕೆ. ಮಾತ್ರೆ ಕೇಳಿದ್ರೆ ನೀನು ಡಾಕ್ಟರ ಹತ್ರ ಹೋಗಬಹುದಿತ್ತು. ನಾನೇ ಕೇಳಿದ್ರೆ ನೀನು ಎಲ್ಲಿಗೆ ಹೋಗ್ತೀಯ? ಇಲ್ಲ ಅನ್ನೋಕೆ ನಿಂಗೆ ಬಾಯಿ ಬರಲ್ಲ. ಅದಕ್ಕೇ ಇನ್ನು ಕೇಳಲ್ಲ." ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಳು. "ನಿಮ್ಮಮ್ಮ ಹೋದಾಗ ನಿನ್ನ ತಂದು ನನ್ನ ಮನೇಲಿ ಬಿಟ್ರು. ಆಮೇಲೆ ನೀನು ಮದುವೆಯಾಗಿ ಬಂದೆ. ಆ ಮನೇಲಿ ಮಗುವಿನ ಸದ್ದು ಇನ್ನೊಂದು ಸಲ ಕೇಳಬೇಕು ಅನ್ನಿಸ್ತು, ಅಷ್ಟೇ. ಆಸೆಗೇನು, ಇರಲಿ ಬಿಡು. ಆಸೆ ಇದೆ ಅಂತ ಎಲ್ಲಾ ಕೇಳೋಕಾಗುತ್ತಾ?"

ಎಷ್ಟೋ ತಿಂಗಳಿಂದ ನಾನು ಕಾದಿದ್ದ ಮಾತು ಅದು. ಮಗು ನನ್ನದಾಗಿಯೇ ಉಳಿಯಿತು. ಕುಣಿಯಬೇಕಿತ್ತು. ಬದಲಿಗೆ ಎದೆ ಒಡೆದು ಹೋಯಿತು. ಅವಳ ಕುಂಚ ಹೋದದ್ದು ನನ್ನ ಬಾಯಿಂದ. ಈಗ ಇದ್ದೊಂದು ಆಸೆಯನ್ನೂ ನನ್ನ ಮುಖ ನೋಡಿ ಬಿಟ್ಟುಕೊಡುತ್ತಿದ್ದಳು. ಬಾಗಿಲಲ್ಲಿ ತಾನಿಯೇಲಾ ನಿಂತಿದ್ದ. ಅವನನ್ನು ನೋಡಿದೆ. ಅವನು ತಲೆ ಕೆರೆದುಕೊಂಡು, ಹೂಂ ಎನ್ನುವಂತೆ ಗಲ್ಲ ಎತ್ತಿದ.

"ಅತ್ತೆ, ನೀನು ಕೇಳು," ಎಂದೆ.

"ಹುಚ್ಚಿ. ಬಿಟ್ಟೆ ಅಂದ್ನಲ್ಲ."

"ಲುಪೆ ಒಬ್ಬಳನ್ನೇ ಕೇಳ್ಬೇಡ. ಮೂರೂ ಜನಾನ ಕೇಳು."

ಅತ್ತೆಯ ಕಣ್ಣು ಬಾಗಿಲ ಕಡೆ ಹೋಯಿತು. "ಅವನನ್ನೂನಾ? ಗೊರಕೆ ಹೊಡೀತಾನೆ."

"ಬಾಯಿಗೆ ಕಸೂತಿ ಬಟ್ಟೆ ಹೊದ್ಕೊಂಡು ಮಲಗ್ತೀನಿ ಅತ್ತೆ," ಎಂದ ತಾನಿಯೇಲಾ.

ಅವಳು ನಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತು, ಸೊಂಟದ ಚಾಪೆ ಸರಿಪಡಿಸಿಕೊಂಡು, ಅಂಗಳದಲ್ಲಿ ನಿಂತ ತಮ್ಮನಿಗೂ ಕೇಳುವಂತೆ ಇದ್ದಬದ್ದ ದನಿಯನ್ನೆಲ್ಲ ಒಟ್ಟುಮಾಡಿ ಹೇಳಿದಳು. "ಈ ಮೂವರನ್ನೂ ನನಗೆ ಕೊಡಿ."

ಹೊರಗಿನಿಂದ ಅಪ್ಪ "ಆಗಲಿ ಅಕ್ಕ" ಎಂದ.

ನಾನು ಲುಪೆಯನ್ನು ಅತ್ತೆ ಕೂತ ಕಡೆ ಇಳಿಸಿ, ಅವಳ ಮನೆಗೆ ಒಯ್ಯಬೇಕಾದ ಮಲಗುವ ಚಾಪೆಗಳನ್ನು ಸುತ್ತಲು ಒಳಗೆ ಹೋದೆ.